ಮೊದಲೇ ಹೇಳಬೇಕಾದ ಮಾತು

ಮಂಡ್ಯ, ಮದ್ದೂರು, ಮಳವಳ್ಳಿಯ ಯಾವುದೇ ಧರ್ಮಕೇಂದ್ರದಲ್ಲಿ ಇರಬಹುದಾದ ಒಬ್ಬ ಹೆಣ್ಣುಮಗಳನ್ನು ಮನಸ್ಸಿಗೆ ತಂದುಕೊಳ್ಳಿ. ಆಕೆಗೆ ಹೆಸರಿಡುವುದು ಬೇಡ. ಹೆಸರಿಟ್ಟರೆ ಆಕೆ ಬೇರೆ ಯಾರದೋ ಮನೆಯವಳೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಮಳವಳ್ಳಿಯ ಕಡೆಯ ಹುಡುಗಿ, ಮದ್ದೂರಿನ ಕಡೆಗೆ ಮದುವೆಯಾಗಿ ಬಂದವಳು. ಹನ್ನೆರಡನೆಯ ವಯಸ್ಸಿನಲ್ಲಿ ಒಮ್ಮೆ ಶಾಲೆಯಲ್ಲಿ, ಇನ್ನೊಮ್ಮೆ ಬಚ್ಚಲಮನೆಯಲ್ಲಿ ಎಚ್ಚರ ತಪ್ಪಿ ಬಿದ್ದು ಕೈಕಾಲು ಸೆಳೆದುಕೊಂಡವಳು. ವೈದ್ಯರು ಕೊಟ್ಟ ಮಾತ್ರೆ ಫಲಿಸಿತು. ಏಳೆಂಟು ವರ್ಷಗಳಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ. ಮದುವೆಯ ಮಾತುಕತೆಯ ದಿನ ಹಿರಿಯರು ಆ ವಿಷಯ ಎತ್ತಲಿಲ್ಲ. ಆಕೆಯೂ ಎತ್ತಬಾರದೆಂದು ಅಪ್ಪಣೆಯಾಗಿತ್ತು. ಈಗ ಮಾತ್ರೆಯ ಪೊಟ್ಟಣ ಪೆಟ್ಟಿಗೆಯೊಳಗೆ ಸೀರೆಗಳ ಮಡಿಕೆಯಲ್ಲಿದೆ. ರಾತ್ರಿ ಅತ್ತೆ ಮಲಗಿದ ಮೇಲೆ ಆಕೆ ಒಂದು ಲೋಟ ನೀರು ತೆಗೆದುಕೊಂಡು ಒಳಕೋಣೆಗೆ ಹೋಗುತ್ತಾಳೆ.

ಮನೆಯಲ್ಲಿ ಎಲ್ಲರೂ ಸಿಹಿ ಸುದ್ದಿಗಾಗಿ ಕಾಯುತ್ತಿದ್ದಾರೆ. ಆಕೆಗೆ ಮಾತ್ರ ಎರಡು ಭಯ. ಮಾತ್ರೆ ಬಿಟ್ಟರೆ ಒಲೆಯ ಮುಂದೋ ನಾಲೆಯ ದಂಡೆಯಲ್ಲೋ ಬಿದ್ದೇನು ಎಂಬುದು ಒಂದು. ಮಾತ್ರೆ ನುಂಗಿದರೆ ನಾಳೆ ಒಡಲಲ್ಲಿ ಮೂಡುವ ಕೂಸಿಗೆ ಕೇಡಾದೀತು ಎಂಬುದು ಇನ್ನೊಂದು. ಎರಡನ್ನೂ ಹೇಳಿಕೊಳ್ಳಲು ಆ ಮನೆಯಲ್ಲಿ ಆಕೆಗೆ ಯಾರೂ ಇಲ್ಲ. ಆಕೆ ಏನು ಮಾಡಬೇಕು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಆಕೆಯ ವಿಷಯದಲ್ಲಿ ನಾವು ಏನು ಮಾಡಬೇಕಾಗಿತ್ತು?

ಈ ಎರಡು ಭಯಗಳಲ್ಲಿ ಯಾವುದೂ ಸುಳ್ಳಲ್ಲ. ಆದ್ದರಿಂದಲೇ ಇದು ಕೇವಲ ವೈದ್ಯಕೀಯ ಪ್ರಶ್ನೆಯಾಗಿ ಉಳಿಯದೆ ಮನಸ್ಸಾಕ್ಷಿಯ ಪ್ರಶ್ನೆಯಾಗುತ್ತದೆ.

ನಮ್ಮ ನೆಲದ ಅನುಭವ

ಮೂರ್ಛೆರೋಗವೆಂದೂ ಅಪಸ್ಮಾರವೆಂದೂ ಕರೆಯುವ ಈ ಕಾಯಿಲೆ ನಾವು ಭಾವಿಸುವಷ್ಟು ವಿರಳವಲ್ಲ. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಸಾವಿರ ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಈ ರೋಗವಿತ್ತು. ಹಳ್ಳಿಗಳಲ್ಲಿ ಅದು ಹನ್ನೆರಡರ ಹತ್ತಿರವಿತ್ತು. ಭಾನುವಾರದ ಬಲಿಪೂಜೆಗೆ ಐನೂರು ಜನ ಸೇರುವ ದೇವಾಲಯವನ್ನು ಕಣ್ಣಮುಂದೆ ತಂದುಕೊಂಡು ಲೆಕ್ಕ ಹಾಕಿ. ನಾಲ್ಕೈದು ಮಂದಿ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು. ಅವರು ಯಾರೆಂದು ನಮಗೆ ತಿಳಿಯದಿದ್ದರೆ, ಅವರು ಹೇಳಿಕೊಳ್ಳಲಾಗದಂತಹ ವಾತಾವರಣವನ್ನು ನಾವೇ ಕಟ್ಟಿದ್ದೇವೆಂದು ಅರ್ಥ.

ಹಳೆಯ ಮೈಸೂರು ಸೀಮೆಗೂ ಈ ರೋಗದ ಅರಿವಿಗೂ ವಿಶೇಷ ನಂಟಿದೆ. ಹಂಡೆಯಲ್ಲಿ ಕಾಯಿಸಿದ ಬಿಸಿನೀರನ್ನು ಚೊಂಬು ಚೊಂಬಾಗಿ ತಲೆಯ ಮೇಲೆ ಸುರಿದುಕೊಳ್ಳುವಾಗ ಕೆಲವರಿಗೆ ಬರುವ ಮೂರ್ಛೆಯನ್ನು ಜಗತ್ತಿನ ವೈದ್ಯರಿಗೆ ವಿವರವಾಗಿ ಪರಿಚಯಿಸಿದವರಲ್ಲಿ ನಮ್ಮ ರಾಜ್ಯದ ನರರೋಗ ತಜ್ಞರು ಮುಂದಿನ ಸಾಲಿನಲ್ಲಿದ್ದಾರೆ. ಮಳವಳ್ಳಿಯಿಂದ ಕಾವೇರಿ ದಾಟಿ ಕೊಳ್ಳೇಗಾಲದ ಆಚೆ ಹೋದರೆ ಯಳಂದೂರು ಸಿಗುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಎರಡು ಅಗ್ಗದ ಮಾತ್ರೆಗಳಿಂದ ಚಿಕಿತ್ಸೆ ನೀಡಿ, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತರು. ದೊಡ್ಡ ಆಸ್ಪತ್ರೆಯಿಲ್ಲದ ಊರಿನಲ್ಲಿಯೂ ಹೆಚ್ಚಿನವರ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಯಳಂದೂರು ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಮಾತ್ರೆ ನಮ್ಮ ಶತ್ರುವಲ್ಲ. ಕೈಯಲ್ಲಿ ಬೀಗದಕೈ ಹಿಡಿಸಿ, ಮೂಗಿಗೆ ಈರುಳ್ಳಿ ಒಡ್ಡಿ, ದೆವ್ವವೆಂದು ಬೇವಿನ ಸೊಪ್ಪಿನಿಂದ ಬಡಿದು ನರಳಿಸಿದ ತಲೆಮಾರುಗಳ ನೋವನ್ನು ಕಡಿಮೆ ಮಾಡಿದ್ದು ಈ ಮಾತ್ರೆಗಳೇ. ಇವುಗಳಿಂದಾಗಿಯೇ ಅಸಂಖ್ಯಾತ ಹೆಣ್ಣುಮಕ್ಕಳು ಶಾಲೆ ಮುಗಿಸಿದರು, ಕೆಲಸಕ್ಕೆ ಹೋದರು, ಮದುವೆಯಾದರು, ತಾಯಂದಿರಾದರು. ಮೂರ್ಛೆರೋಗವಿರುವ ಹತ್ತು ತಾಯಂದಿರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಮುಂದೆ ಹೇಳುವ ಮಾತುಗಳನ್ನು ಓದುವಾಗ ಈ ಮಾತನ್ನು ಮರೆಯಬೇಡಿ.

ಒಂದು ಔಷಧದ ಕಥೆ

ಮೂರ್ಛೆರೋಗದ ಔಷಧಗಳಲ್ಲಿ ಒಂದರ ಹೆಸರು ವ್ಯಾಲ್‌ಪ್ರೊಯೇಟ್. ನಮ್ಮ ಅಂಗಡಿಗಳಲ್ಲಿ ಅದು ಎನ್ಕೊರೇಟ್, ವಾಲ್ಪರಿನ್ ಮೊದಲಾದ ಹಲವು ಹೆಸರುಗಳಲ್ಲಿ ದೊರೆಯುತ್ತದೆ. ಅದು ಔಷಧವಾದ ಬಗೆ ವಿಚಿತ್ರ. 1882ರಲ್ಲೇ ಪ್ರಯೋಗಶಾಲೆಯಲ್ಲಿ ತಯಾರಾಗಿದ್ದ ಆ ದ್ರವವನ್ನು ಬಹುಕಾಲ ಬೇರೆ ವಸ್ತುಗಳನ್ನು ಕರಗಿಸಲು ಮಾತ್ರ ಬಳಸುತ್ತಿದ್ದರು. 1962ರಲ್ಲಿ ಫ್ರಾನ್ಸಿನ ಪಿಯೆರ್ ಎಮಾರ್ ಹೊಸ ಔಷಧಗಳನ್ನು ಅದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ ಎಲ್ಲವೂ ಸೆಳೆತವನ್ನು ತಡೆಯುವಂತೆ ಕಂಡವು. ತಡೆಯುತ್ತಿದ್ದುದು ಕರಗಿದ ವಸ್ತುವಲ್ಲ, ಕರಗಿಸಿದ ದ್ರವವೇ ಎಂದು ಆಮೇಲೆ ತಿಳಿಯಿತು. 1967ರಲ್ಲಿ ಅದು ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂತು. ಹಲವು ಬಗೆಯ ಸೆಳೆತಗಳಿಗೆ ಅದಕ್ಕೆ ಸಾಟಿಯಾದ ಮದ್ದು ಕಡಿಮೆ. ಮನೋರೋಗದ ಕೆಲವು ಬಗೆಗಳಿಗೂ ಅರೆತಲೆನೋವಿಗೂ ಅದನ್ನು ಕೊಡುವುದುಂಟು. ಆದ್ದರಿಂದ ಫಿಟ್ಸ್ ಇಲ್ಲದ ಮನೆಯಲ್ಲಿಯೂ ಆ ಮಾತ್ರೆ ಇರಬಹುದು.

1982ರಲ್ಲಿ ಫ್ರಾನ್ಸಿನ ಲಿಯೋನ್ ಪ್ರದೇಶದಿಂದ ಮೊದಲ ದೊಡ್ಡ ಎಚ್ಚರಿಕೆ ಬಂತು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಶಿಶುಗಳ ತಾಯಂದಿರಲ್ಲಿ ಈ ಔಷಧ ಸೇವಿಸಿದವರು ನಿರೀಕ್ಷೆಗಿಂತ ಹೆಚ್ಚು ಮಂದಿ ಇದ್ದರು. ಬಳಿಕ ಹಲವು ದೇಶಗಳು ಗರ್ಭಿಣಿಯರ ದಾಖಲೆಗಳನ್ನು ಒಟ್ಟುಗೂಡಿಸಲು ತೊಡಗಿದವು. ನಮ್ಮ ನೆರೆಯಲ್ಲೇ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ ಅವರ ನೇತೃತ್ವದಲ್ಲಿ 1998ರಲ್ಲಿ ಆರಂಭವಾದ ಕೇರಳದ ದಾಖಲೆ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಗರ್ಭಧಾರಣೆಗೆ ಮುಂಚಿನಿಂದಲೇ ಅನುಸರಿಸುತ್ತ ಬಂದಿದೆ.

ಹಲವು ರಾಷ್ಟ್ರಗಳು ಸೇರಿ ನಡೆಸಿದ ಒಂದು ದೊಡ್ಡ ದಾಖಲೆಯ ಫಲಿತಾಂಶ 2018ರಲ್ಲಿ ಹೊರಬಂತು. ಯಾವ ಔಷಧವನ್ನೂ ಸೇವಿಸದ ತಾಯಂದಿರಲ್ಲಿಯೂ ನೂರಕ್ಕೆ ಎರಡು ಮೂರು ಶಿಶುಗಳು ಅಂಗದೋಷದೊಡನೆ ಹುಟ್ಟುತ್ತವೆ. ವ್ಯಾಲ್‌ಪ್ರೊಯೇಟ್ ಒಂದನ್ನೇ ಸೇವಿಸಿದ ತಾಯಂದಿರಲ್ಲಿ ಅದು ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ದಿನಕ್ಕೆ 650 ಮಿಲಿಗ್ರಾಂ ಒಳಗಿದ್ದರೆ ಸುಮಾರು ಆರು. 1450 ಮಿಲಿಗ್ರಾಂ ಮೀರಿದರೆ ಇಪ್ಪತ್ತೈದು. ಯಳಂದೂರಿನಲ್ಲಿ ಬಳಸಿದ ಆ ಎರಡು ಹಳೆಯ ಮಾತ್ರೆಗಳಲ್ಲಿ ಆರೂವರೆಯ ಹತ್ತಿರ. ಲ್ಯಾಮೊಟ್ರಿಜಿನ್, ಲೆವಿಟಿರಾಸಿಟಮ್ ಎಂಬ ಈಚಿನ ಎರಡು ಔಷಧಗಳಲ್ಲಿ ಮೂರಕ್ಕಿಂತ ಕಡಿಮೆ. ಎಂದರೆ ಔಷಧವಿಲ್ಲದ ತಾಯಂದಿರಿಗೆ ಹೆಚ್ಚುಕಡಿಮೆ ಸಮಾನ.

ಕಣ್ಣಿಗೆ ಕಾಣುವ ಅಂಗದೋಷಕ್ಕಿಂತ ಕಾಣದ ಕೇಡು ಇನ್ನೂ ದೊಡ್ಡದು. ಗರ್ಭದಲ್ಲಿ ವ್ಯಾಲ್‌ಪ್ರೊಯೇಟ್‌ಗೆ ಒಡ್ಡಿಕೊಂಡ ಮಕ್ಕಳಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಮಕ್ಕಳಿಗೆ ನಡೆ, ನುಡಿ, ಕಲಿಕೆ, ನೆನಪು, ಒಡನಾಟ ಇವುಗಳಲ್ಲಿ ಯಾವುದಾದರೊಂದು ತೊಡಕು ಉಂಟಾಗಬಹುದೆಂದು ಔಷಧ ನಿಯಂತ್ರಕರು ಈಗ ಎಚ್ಚರಿಸುತ್ತಾರೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಆರು ವರ್ಷದವರೆಗೆ ಮಕ್ಕಳನ್ನು ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಲ್‌ಪ್ರೊಯೇಟ್ ಗುಂಪಿನ ಮಕ್ಕಳ ಬುದ್ಧಿಮಾಪನ ಸರಾಸರಿ 97. ಬೇರೆ ಮೂರು ಔಷಧಗಳ ಗುಂಪುಗಳಲ್ಲಿ 105ರಿಂದ 108. ಹುಟ್ಟಿದಾಗ ಮುದ್ದಾಗಿ ಕಂಡ ಮಗು ಒಂದನೆಯ ತರಗತಿಯಲ್ಲಿ ಹಿಂದೆ ಬಿದ್ದಾಗ, ಆರು ವರ್ಷಗಳ ಹಿಂದಿನ ಮಾತ್ರೆಯ ಕಡೆಗೆ ಯಾರ ಮನಸ್ಸು ಹೋದೀತು?

ಇನ್ನೊಂದು ಸಂಗತಿಯನ್ನು ನಮ್ಮ ಮನೆಗಳು ಮುಖ್ಯವಾಗಿ ಅರಿಯಬೇಕು. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನಾಳ ಗರ್ಭ ನಿಂತ ಇಪ್ಪತ್ತೆಂಟು ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು, ಕೆಲವು ದಿನ ಕಾದು, ಆಶಾ ಕಾರ್ಯಕರ್ತೆಗೆ ತಿಳಿಸಿ, ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಆ ಬಾಗಿಲು ಮುಚ್ಚಿಯಾಗಿರುತ್ತದೆ. ಗರ್ಭಿಣಿಯಾದ ಮೇಲೆ ಕೊಡುವ ಎಚ್ಚರಿಕೆ ಈ ಅಪಾಯದ ಮಟ್ಟಿಗೆ ತಡವಾಗಿ ಬಂದ ಎಚ್ಚರಿಕೆ. ಹೇಳಬೇಕಾದ ಕಾಲ ಮದುವೆಗೆ ಮೊದಲು, ಅಥವಾ ಮಗು ಬೇಕೆಂದು ಬಯಸುವುದಕ್ಕೆ ಮೊದಲು.

ದಯೆಯ ಹೆಸರಿನ ಮೌನ

ಹಾಗಾದರೆ ಮೊದಲೇ ಏಕೆ ಹೇಳಲಿಲ್ಲ? ಬ್ರಿಟನ್ನಿನ ಹಳೆಯ ಸರ್ಕಾರಿ ಕಾಗದಪತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಸಂಗತಿ ಸಿಕ್ಕಿದೆ. 1970ರ ದಶಕದ ಆರಂಭದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಗರ್ಭಕ್ಕೆ ಅಪಾಯವಿರಬಹುದೆಂಬ ಸುಳಿವು ಅಲ್ಲಿಯ ಔಷಧ ಸಮಿತಿಗೆ ದೊರೆತಿತ್ತು. ವೈದ್ಯರಿಗೆ ತಿಳಿಸುವುದಕ್ಕೆ ಸಮಿತಿ ಒಪ್ಪಿತು. ಪೊಟ್ಟಣದೊಳಗಿನ ಹಾಳೆಯಲ್ಲಿ ಮುದ್ರಿಸಿದರೆ ರೋಗಿಗಳು ವೃಥಾ ಆತಂಕಪಟ್ಟಾರು ಎಂಬ ಕಾರಣಕ್ಕೆ ಅದನ್ನು ಅಲ್ಲಿ ಹಾಕದಿರುವುದೇ ಲೇಸೆಂದು ಕಂಡಿತು.

ಆ ತೀರ್ಮಾನ ಮಾಡಿದವರು ದುಷ್ಟರೆಂದು ನಾನು ಹೇಳುತ್ತಿಲ್ಲ. ಅವರ ಮುಂದಿದ್ದುದು ಅರೆಬೆಳಕಿನ ಸುಳಿವು. ಹೆದರಿ ಔಷಧ ಬಿಟ್ಟ ರೋಗಿ ಸಾಯಬಹುದೆಂಬ ಅಳುಕು ಅವರಿಗೆ ಇದ್ದಿರಬಹುದು. ಆದರೂ ಒಂದು ತಪ್ಪು ಅಲ್ಲಿ ಮನೆಮಾಡಿತು. ಯಾರ ದೇಹದಲ್ಲಿ ಆ ಔಷಧ ಇಳಿಯುತ್ತದೆಯೋ, ಯಾರ ಒಡಲಲ್ಲಿ ಮಗು ಬೆಳೆಯುತ್ತದೆಯೋ, ಆಕೆಯನ್ನೇ ತಿಳಿವಳಿಕೆಯ ವೃತ್ತದಿಂದ ಹೊರಗಿಟ್ಟರು. ಆಕೆಯ ಒಳಿತನ್ನು ಆಕೆಯಿಲ್ಲದೆಯೇ ತೀರ್ಮಾನಿಸಿದರು.

ಅದರ ಫಲ ಹಲವು ತಲೆಗಳ ಮೇಲೆ ಬಿತ್ತು. ಫ್ರಾನ್ಸ್ ಒಂದರಲ್ಲೇ 1967ರಿಂದ 2016ರವರೆಗೆ 2,150ರಿಂದ 4,100 ಮಕ್ಕಳು ಈ ಔಷಧದಿಂದಾಗಿ ಗಂಭೀರ ಅಂಗದೋಷಕ್ಕೆ ಒಳಗಾಗಿರಬಹುದೆಂದು ಅಲ್ಲಿಯ ಔಷಧ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. 2022ರ ಜನವರಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಸನೋಫಿ ಕಂಪನಿಯು ಎಚ್ಚರದ ಹೊಣೆಯಲ್ಲಿಯೂ ತಿಳಿಸುವ ಹೊಣೆಯಲ್ಲಿಯೂ ತಪ್ಪಿದೆಯೆಂದು ತೀರ್ಪಿತ್ತಿತು. ಕಂಪನಿ ಅದನ್ನು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ 2018ರಿಂದ ಹೆಣ್ಣುಮಕ್ಕಳಿಗೆ ಈ ಔಷಧ ಕೊಡುವುದಕ್ಕೆ ಕಟ್ಟುನಿಟ್ಟಿನ ನಿಯಮಗಳು ಬಂದವು. 2020ರ ಜುಲೈಯಲ್ಲಿ ಬ್ಯಾರೊನೆಸ್ ಕಂಬರ್ಲೆಜ್ ನೇತೃತ್ವದ ವಿಚಾರಣೆಯ ವರದಿ, ವರ್ಷಗಟ್ಟಲೆ ದೂರು ಹೇಳಿದ ತಾಯಂದಿರ ಮಾತಿಗೆ ವ್ಯವಸ್ಥೆ ಕಿವಿಗೊಡಲಿಲ್ಲವೆಂದು ಸ್ಪಷ್ಟವಾಗಿ ನುಡಿಯಿತು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗರ್ಭ ಧರಿಸಬಲ್ಲ ಹೆಣ್ಣುಮಕ್ಕಳಿಗೆ ವ್ಯಾಲ್‌ಪ್ರೊಯೇಟ್ ಕೊಡಬಾರದೆಂದು ಹೇಳಿತು. 1982ರಿಂದ 2023ಕ್ಕೆ ನಲವತ್ತೊಂದು ವರ್ಷ! ಆ ಮೊದಲ ಶಿಶುಗಳು ಬದುಕಿದ್ದರೆ ಈಗ ನಡುವಯಸ್ಸಿನವರು.

ಓದುಗರೇ, ಬ್ರಿಟನ್ನಿನ ಆ ಸಮಿತಿಯನ್ನು ದೂರುವುದು ಸುಲಭ. ಆದರೆ ಮಳವಳ್ಳಿಯ ಮನೆಯ ಜಗಲಿಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ದಿನ ನಡೆದದ್ದೂ ಅದೇ ಅಲ್ಲವೇ? ಅಲ್ಲಿಯೂ ಹಿರಿಯರು ಕೂತರು. ಅಲ್ಲಿಯೂ ಹೇಳಿದರೆ ವೃಥಾ ಗಾಬರಿ, ಸಂಬಂಧ ಮುರಿದೀತು ಎಂದುಕೊಂಡರು. ಅಲ್ಲಿಯೂ ಎಲ್ಲವೂ ಪ್ರೀತಿಯಿಂದಲೇ ನಡೆಯಿತು. ಅಲ್ಲಿಯೂ ಹುಡುಗಿಯನ್ನು ಯಾರೂ ಕೇಳಲಿಲ್ಲ. ಮರೆಮಾಚಿದ ರೋಗಕ್ಕೆ ಮರೆಮಾಚಿದ ಮಾತ್ರೆ. ಮರೆಮಾಚಿದ ಮಾತ್ರೆಯ ಬಗ್ಗೆ ಹೊಸ ಊರಿನ ವೈದ್ಯರನ್ನು ಕೇಳುವುದು ಹೇಗೆ? ಗಂಡನನ್ನು ಕರೆದುಕೊಂಡು ಹೋಗದೆ ಮಾತ್ರೆ ಬದಲಿಸಿಕೊಳ್ಳುವುದು ಹೇಗೆ? ಔಷಧದ ಅಪಾಯಕ್ಕೆ ಮೌನದ ಅಪಾಯ ಹೀಗೆ ಕೂಡಿಕೊಳ್ಳುತ್ತದೆ.

ತಪ್ಪು ತಾಯಿಯದೇ?

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ತನ್ನ ಜೀವ ಕಾಯುವ ಮದ್ದು ತನ್ನ ಮಗುವಿಗೆ ಕೇಡು ತರಬಹುದೆಂದು ತಿಳಿದೂ ಅದನ್ನು ನುಂಗುವ ತಾಯಿ ತಪ್ಪು ಮಾಡುತ್ತಾಳೆಯೇ?

‘ಮಗುವಿಗಾಗಿ ಏನನ್ನಾದರೂ ಬಿಡುವವಳೇ ತಾಯಿ’ ಎಂಬ ಮಾತು ನಮ್ಮಲ್ಲಿ ಬೇಗ ಬಾಯಿಗೆ ಬರುತ್ತದೆ. ಅದನ್ನು ನಂಬಿ, ಯಾರಿಗೂ ಹೇಳದೆ, ಗರ್ಭ ನಿಂತೊಡನೆ ಮಾತ್ರೆಯನ್ನು ಬಿಟ್ಟುಬಿಡುವವರಿದ್ದಾರೆ. ಇದು ತ್ಯಾಗದಂತೆ ಕಂಡರೂ ಅಪಾಯದ ಹಾದಿ. ಹಠಾತ್ತನೆ ಮಾತ್ರೆ ನಿಲ್ಲಿಸಿದರೆ ಸೆಳೆತ ಒಂದರ ಮೇಲೊಂದು ಬಂದು ನಿಲ್ಲದೆ ಹೋಗಬಹುದು. ತಾಯಿಯ ಜೀವವೇ ಹೋಗಬಹುದು. ಆಕೆ ಬಿದ್ದ ಪೆಟ್ಟು ಮಗುವಿಗೂ ತಾಗುತ್ತದೆ. ಸೆಳೆತದ ಹೊತ್ತಿನಲ್ಲಿ ತಾಯಿಯ ಉಸಿರು ಕಟ್ಟಿದರೆ ಮಗುವಿನ ಉಸಿರೂ ಕಟ್ಟುತ್ತದೆ. ತಾಯಿಯ ಆರೋಗ್ಯವನ್ನು ಒಂದು ತಟ್ಟೆಯಲ್ಲಿಯೂ ಮಗುವಿನ ಆರೋಗ್ಯವನ್ನು ಇನ್ನೊಂದರಲ್ಲಿಯೂ ಇಟ್ಟು ತೂಗುವ ತಕ್ಕಡಿಯೇ ಇಲ್ಲಿ ಸರಿಯಲ್ಲ. ಒಂಬತ್ತು ತಿಂಗಳು ಅವರಿಬ್ಬರೂ ಇರುವುದು ಒಂದೇ ತಟ್ಟೆಯಲ್ಲಿ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಆತ್ಮರಕ್ಷಣೆಯನ್ನು ಕುರಿತು ಚಿಂತಿಸುವಾಗ ಒಂದು ಸೂಕ್ಷ್ಮವನ್ನು ಗುರುತಿಸಿದರು. ಒಂದೇ ಕ್ರಿಯೆಯಿಂದ ಎರಡು ಫಲಗಳು ಬರಬಹುದು. ಒಂದು ನಾವು ಬಯಸಿದ್ದು, ಇನ್ನೊಂದು ಬಯಸದಿದ್ದರೂ ಹಿಂಬಾಲಿಸಿ ಬರುವುದು. ಮುಂದಿನ ನೀತಿಶಾಸ್ತ್ರಜ್ಞರು ಈ ಮಾತನ್ನು ವಿಸ್ತರಿಸಿದರು. ಅದರಂತೆ ನೋಡಿದರೆ ಸೆಳೆತ ತಡೆಯಲು ಮಾತ್ರೆ ನುಂಗುವ ತಾಯಿ ಮಗುವಿನ ಕೇಡನ್ನು ಬಯಸುವವಳಲ್ಲ. ಆಕೆಯ ಮೇಲೆ ಪಾಪದ ಹೊರೆ ಹೊರಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಅದೇ ವಿಚಾರಸರಣಿಯಲ್ಲಿ ಇನ್ನೊಂದು ನಿಬಂಧನೆಯಿದೆ. ಅದನ್ನು ನಾವು ಮರೆಯುತ್ತೇವೆ. ಕಡಿಮೆ ಕೇಡಿನ ದಾರಿ ಇದ್ದರೆ ಅದನ್ನೇ ಹಿಡಿಯಬೇಕು. ಬೇರೆ ದಾರಿ ಇರುವಾಗ ‘ನಾನು ಕೇಡನ್ನು ಬಯಸಲಿಲ್ಲ’ ಎಂಬ ಮಾತು ಸಾಲುವುದಿಲ್ಲ. ಇಂದು ಬಹಳ ಮಂದಿಗೆ ಬೇರೆ ದಾರಿಯಿದೆ. ಗರ್ಭಕ್ಕೆ ಹಲವು ತಿಂಗಳು ಮೊದಲೇ ನರರೋಗ ತಜ್ಞರನ್ನು ಕಂಡರೆ, ಅವರು ಔಷಧವನ್ನು ನಿಧಾನವಾಗಿ ಬದಲಿಸಬಹುದು, ಎರಡಿದ್ದುದನ್ನು ಒಂದಕ್ಕೆ ಇಳಿಸಬಹುದು, ಪ್ರಮಾಣ ತಗ್ಗಿಸಬಹುದು, ಫೋಲಿಕ್ ಆಮ್ಲದ ಮಾತ್ರೆಯನ್ನು ಮೊದಲೇ ಆರಂಭಿಸಬಹುದು. ಕೆಲವರಿಗೆ ವ್ಯಾಲ್‌ಪ್ರೊಯೇಟ್ ಬಿಟ್ಟು ಬೇರಾವುದೂ ಹಿಡಿಯದೆ ಇರಬಹುದು. ಅಂಥವರು ಎಲ್ಲವನ್ನೂ ತಿಳಿದು, ವೈದ್ಯರೊಡನೆ ಸಾಧ್ಯವಿರುವಷ್ಟು ಕಡಿಮೆ ಪ್ರಮಾಣವನ್ನು ನಿಶ್ಚಯಿಸಿಕೊಂಡು ಮುಂದೆ ಹೋದರೆ ಅವರನ್ನು ಆಡಿಕೊಳ್ಳಬಾರದು. ಅವರಿಗೆ ಹೆಗಲು ಕೊಡಬೇಕು.

ಇಲ್ಲಿ ಹೊಣೆ ಯಾರಿಗೆ ಸೇರಿದ್ದು? ತಿಳಿಯದವಳಿಗೆ ಅಲ್ಲ, ತಿಳಿದವರಿಗೆ. ಔಷಧ ಬರೆಯುವವರಿಗೆ, ಮಾರುವವರಿಗೆ, ಮಗಳ ರೋಗವನ್ನು ಬಲ್ಲ ತಂದೆತಾಯಿಗಳಿಗೆ. ಈ ಲೇಖನವನ್ನು ಇಲ್ಲಿಯವರೆಗೆ ಓದಿದ ಮೇಲೆ, ನಿಮಗೂ ನನಗೂ.

ಹೆಸರಿಲ್ಲದ ಒಬ್ಬ ತಾಯಿ

ಪವಿತ್ರ ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಸಂಸೋನನ ಜನನದ ಕಥೆ ಬರುತ್ತದೆ. ಅವನ ತಂದೆ ಮಾನೋಹ. ತಾಯಿಯ ಹೆಸರನ್ನು ಗ್ರಂಥ ಹೇಳುವುದಿಲ್ಲ. ಆದರೂ ದೇವದೂತ ಮೊದಲು ಬಂದದ್ದು ಆಕೆಯ ಬಳಿಗೆ. ಮಗುವಿನ ಸಲುವಾಗಿ ದ್ರಾಕ್ಷಾರಸವನ್ನೂ ಮದ್ಯವನ್ನೂ ಮುಟ್ಟಬಾರದೆಂದು ಆತ ಎಚ್ಚರಿಸಿದ್ದು ಆಕೆ ಗರ್ಭ ಧರಿಸುವುದಕ್ಕೆ ಮುಂಚೆ. ಆಕೆ ಅದನ್ನು ಬಚ್ಚಿಡಲಿಲ್ಲ, ಗಂಡನಿಗೆ ಹೇಳಿದಳು. ಗಂಡ ಸಿಡುಕಲಿಲ್ಲ, ಸಂಶಯಿಸಲೂ ಇಲ್ಲ. ಹುಟ್ಟಲಿರುವ ಮಗುವಿಗಾಗಿ ಏನು ಮಾಡಬೇಕೆಂಬುದನ್ನು ಇನ್ನೊಮ್ಮೆ ಬಂದು ತಮಗೆ ಕಲಿಸುವಂತೆ ದೇವರಲ್ಲಿ ಬೇಡಿದನು. ದೂತ ಮತ್ತೆ ಬಂದನು. ಈ ಬಾರಿಯೂ ಹೊಲದಲ್ಲಿ ಒಬ್ಬಳೇ ಇದ್ದ ಆಕೆಯ ಬಳಿಗೇ. ಆಕೆ ಓಡಿಹೋಗಿ ಗಂಡನನ್ನು ಕರೆತಂದಳು.

ಔಷಧಗಳನ್ನು ಕುರಿತ ಪಾಠವಾಗಿ ಆ ಕಥೆ ಬರೆದದ್ದಲ್ಲ. ಆದರೂ ನಾವು ಮಾಡಬೇಕಾದ ಎಲ್ಲದರ ಕ್ರಮ ಅದರಲ್ಲಿದೆ. ತಾಯಾಗುವವಳಿಗೆ ಮೊದಲು ಹೇಳಬೇಕು. ಕಾಲ ಮೀರುವ ಮೊದಲು ಹೇಳಬೇಕು. ಗಂಡನಾದವನು ಆಕೆಯ ಜೊತೆಗೆ ಬಂದು ತಾನೂ ಕೇಳಿಸಿಕೊಳ್ಳಬೇಕು. ಎರಡನೆಯ ಸಲ ಕೇಳಲು ನಾಚಬಾರದು. ಇದು ಹೆಣ್ಣಿನ ಒಡಲಿಗಷ್ಟೇ ಸೇರಿದ ವಿಷಯವೆಂದು ಗಂಡಸರು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಈ ಔಷಧ ಸೇವಿಸುವ ಗಂಡಸರ ವಿಷಯದಲ್ಲಿಯೂ ಮುನ್ನೆಚ್ಚರಿಕೆ ಬೇಕೆಂದು 2024ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಸೂಚಿಸಿದ್ದಾರೆ.

ರೋಗವನ್ನು ಬಚ್ಚಿಡುವ ನಮ್ಮ ಅಭ್ಯಾಸಕ್ಕೂ ಶುಭಸಂದೇಶದಲ್ಲಿ ಒಂದು ಉತ್ತರವಿದೆ. ಮಾರ್ಕನು ಬರೆದ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಸೆಳೆತದಿಂದ ಬೀಳುವ ಮಗನನ್ನು ತಂದೆಯೊಬ್ಬ ಜನಜಂಗುಳಿಯ ನಡುವೆಯೇ ಯೇಸುಸ್ವಾಮಿಯ ಬಳಿಗೆ ಕರೆತರುತ್ತಾನೆ. ಇದು ಎಷ್ಟು ಕಾಲದಿಂದ ಹೀಗಿದೆ ಎಂದು ಪ್ರಭು ವೈದ್ಯರಂತೆ ವಿಚಾರಿಸುತ್ತಾರೆ. ಚಿಕ್ಕಂದಿನಿಂದ ಎಂದು ತಂದೆ ಎಲ್ಲರ ಮುಂದೆ ಹೇಳುತ್ತಾನೆ. ಬೆಂಕಿಗೆ ಬಿದ್ದದ್ದು, ನೀರಿಗೆ ಬಿದ್ದದ್ದು ಯಾವುದನ್ನೂ ಮುಚ್ಚಿಡುವುದಿಲ್ಲ. ಆ ತಂದೆಯ ಧೈರ್ಯ ನಮ್ಮ ಮದುವೆಯ ಮಾತುಕತೆಗಳಿಗೆ ಬರಬೇಕಾಗಿದೆ. ನಮ್ಮ ದೇಶದ ಕಾನೂನಿನಲ್ಲೂ ಹಿಂದೆ ಈ ಕಳಂಕವಿತ್ತು. ಹಿಂದೂ ವಿವಾಹ ಕಾಯಿದೆ ಮತ್ತು ವಿಶೇಷ ವಿವಾಹ ಕಾಯಿದೆಗಳಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿಯಾದ ಕಾರಣಗಳಲ್ಲಿ ಒಂದಾಗಿತ್ತು. 1999ರ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಕಾನೂನಿನಿಂದ ಅಳಿದದ್ದು ಮನಸ್ಸಿನಿಂದ ಅಳಿದಿಲ್ಲ. ಗಂಡಿನ ಕಡೆಯವರು ಕೇಳಿದೊಡನೆ ಎದ್ದುಹೋಗುವುದಾದರೆ ಹೆಣ್ಣಿನ ಕಡೆಯವರು ಹೇಳುವುದಾದರೂ ಹೇಗೆ? ಸತ್ಯ ನುಡಿಯಬೇಕೆಂದು ಒಂದು ಕಡೆಯವರಿಗೆ ಬೋಧಿಸುವ ಮುನ್ನ, ಸತ್ಯವನ್ನು ಕೇಳಿ ತಾಳಿಕೊಳ್ಳಬೇಕೆಂದು ಇನ್ನೊಂದು ಕಡೆಯವರಿಗೆ ಬೋಧಿಸಬೇಕು.

ಈಗಾಗಲೇ ಹುಟ್ಟಿದ ಮಗು

ಈ ಲೇಖನ ಒಂದು ಮನೆಯಲ್ಲಿ ನೋವುಂಟುಮಾಡಬಹುದೆಂದು ನನಗೆ ಗೊತ್ತು. ಯಾರಿಗೋ ಮಾತು ತಡವಾದ, ಕಲಿಕೆ ಹಿಂದುಳಿದ ಮಗುವಿದೆ. ಆ ತಾಯಿ ಇದನ್ನು ಓದಿ ‘ನಾನೇ ಮಾಡಿದೆನೇ?’ ಎಂದು ಎದೆ ಬಡಿದುಕೊಳ್ಳಬಹುದು.

ತಾಯಿ, ನಿಮಗೆ ಎರಡು ಮಾತು. ಮಕ್ಕಳಲ್ಲಿ ಇಂಥ ತೊಡಕುಗಳಿಗೆ ಕಾರಣಗಳು ಹಲವು. ನಿಮ್ಮ ಮಗುವಿನ ವಿಷಯದಲ್ಲಿ ಕಾರಣ ಯಾವುದೆಂಬುದನ್ನು ತಜ್ಞರು ಪರೀಕ್ಷಿಸಿ ಹೇಳಬೇಕೇ ಹೊರತು ಒಂದು ಲೇಖನ ಹೇಳಲಾರದು. ಒಂದು ವೇಳೆ ಮಾತ್ರೆಯೇ ಕಾರಣವಾಗಿದ್ದರೂ, ನಿಮಗೆ ಯಾರೂ ತಿಳಿಸದ ಸಂಗತಿಗೆ ನೀವು ಅಪರಾಧಿಯಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಯಾರದು, ಇವನದೋ ಇವನ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗ ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನಾವು ಅದನ್ನು ಮತ್ತೆ ಎತ್ತಿಕೊಳ್ಳುವುದು ಬೇಡ.

ಇನ್ನೊಂದು ಮಾತನ್ನು ಉಳಿದವರೆಲ್ಲ ಕೇಳಬೇಕು. ಅಪಾಯವನ್ನು ತಡೆಯಬೇಕೆನ್ನುವುದಕ್ಕೂ, ಅಪಾಯಕ್ಕೆ ಒಳಗಾಗಿ ಹುಟ್ಟಿದ ಮಗು ಬೇಡವಾಗಿತ್ತು ಎನ್ನುವುದಕ್ಕೂ ಅಜಗಜಾಂತರವಿದೆ. ನಾಲೆಗೆ ತಡೆಗೋಡೆ ಕಟ್ಟಬೇಕೆಂದು ಹೋರಾಡುವವರು ನೀರಿಗೆ ಬಿದ್ದು ಬದುಕಿ ಬಂದವನನ್ನು ಹಳಿಯುವುದಿಲ್ಲ. ಆ ಮಗು ಯಾವ ತಪ್ಪಿನ ಗುರುತೂ ಅಲ್ಲ. ಅದು ನಮ್ಮ ಧರ್ಮಕೇಂದ್ರದ ಮಗು. ಜ್ಞಾನೋಪದೇಶದ ತರಗತಿಯಲ್ಲಿ ಅದಕ್ಕೆ ಜಾಗ ಸಿಗಬೇಕು. ಅದರ ತಾಯಿಗೆ ವಾರದಲ್ಲಿ ಒಂದು ಸಂಜೆಯಾದರೂ ಬಿಡುವು ಸಿಗುವಂತೆ ನೆರೆಯವರು ನೋಡಿಕೊಳ್ಳಬೇಕು.

ನಾವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಫಿಟ್ಸ್ ಮಾತ್ರೆ ಸೇವಿಸುವ ಹೆಣ್ಣುಮಗಳಿದ್ದರೆ, ಇಂದು ರಾತ್ರಿಯ ಮಾತ್ರೆಯನ್ನು ತಪ್ಪಿಸಬೇಡಿ. ಈ ಲೇಖನ ಓದಿ ಮಾತ್ರೆ ನಿಲ್ಲಿಸುವುದು ಇದನ್ನು ಓದದೆ ಇರುವುದಕ್ಕಿಂತ ಕೆಟ್ಟದ್ದು. ಮಾತ್ರೆಯ ಪೊಟ್ಟಣವನ್ನೂ ಹಳೆಯ ಚೀಟಿಗಳನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಇದರಲ್ಲಿ ವ್ಯಾಲ್‌ಪ್ರೊಯೇಟ್ ಇದೆಯೇ, ಮುಂದೆ ಗರ್ಭಿಣಿಯಾದರೆ ಇದು ಸರಿಯೇ, ಬೇರೆ ಔಷಧ ಸಾಧ್ಯವೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಮದ್ದೂರಿನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೂ ಮೈಸೂರಿನ ದೊಡ್ಡಾಸ್ಪತ್ರೆಗೂ ರೈಲು, ಬಸ್ಸುಗಳಿವೆ. ಮಂಡ್ಯದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಔಷಧ ಬದಲಾಯಿಸುವಾಗ ಫಿಟ್ಸ್ ಮರುಕಳಿಸುವ ಸಂಭವವಿರುವುದರಿಂದ ಆ ತಿಂಗಳುಗಳಲ್ಲಿ ಆಕೆ ಒಬ್ಬಳೇ ಒಲೆಯ ಮುಂದೆ, ಕೆರೆಯ ಬಳಿ ಇರದಂತೆ ನೋಡಿಕೊಳ್ಳಿ. ಗರ್ಭ ನಿಂತ ಮೇಲೆ ರಕ್ತದಲ್ಲಿ ಕೆಲವು ಔಷಧಗಳ ಮಟ್ಟ, ಅದರಲ್ಲೂ ಲ್ಯಾಮೊಟ್ರಿಜಿನ್ ಮಟ್ಟ, ಇಳಿಯುತ್ತದೆ. ಆದ್ದರಿಂದ ಮಧ್ಯೆ ಮಧ್ಯೆ ವೈದ್ಯರನ್ನು ಕಾಣಲೇಬೇಕು. ಹೆರಿಗೆಯ ಬಳಿಕ ನಿದ್ದೆಗೆಟ್ಟರೆ ಸೆಳೆತ ಬರಬಹುದಾದ್ದರಿಂದ ರಾತ್ರಿ ಮಗುವನ್ನು ಎತ್ತಿಕೊಳ್ಳುವ ಕೈಗಳು ಎರಡಕ್ಕಿಂತ ಹೆಚ್ಚಿರಲಿ. ಸಾಮಾನ್ಯವ����ಗಿ ಎದೆಹಾಲು ಕೊಡಲು ಅಡ್ಡಿಯಿಲ್ಲ. ಅದನ್ನೂ ವೈದ್ಯರಲ್ಲಿ ಕೇಳಿ ತಿಳಿಯಿರಿ.

ಮದುವೆಯ ಸಿದ್ಧತಾ ಶಿಬಿರಗಳಲ್ಲಿ ಪರಸ್ಪರ ನಂಬಿಕೆಯ ಬಗ್ಗೆ ಎಷ್ಟೋ ಹೇಳುತ್ತೇವೆ. ಜೊತೆಗೆ ಒಂದು ಗಂಟೆ ಒಬ್ಬ ವೈದ್ಯರನ್ನೋ ನರ್ಸ್ ಆಗಿರುವ ಸಿಸ್ಟರನ್ನೋ ಕರೆಸಿ, ದೀರ್ಘಕಾಲದ ಮಾತ್ರೆಗಳನ್ನು ಸೇವಿಸುವವರು ಮಗು ಬಯಸುವ ಮೊದಲೇ ವೈದ್ಯರನ್ನು ಕಾಣಬೇಕೆಂದು ಹೇಳಿಸಬಾರದೇಕೆ? ಎಲ್ಲರಿಗೂ ಹೇಳಿದರೆ ಯಾರೊಬ್ಬರನ್ನೂ ಬೆರಳಿಟ್ಟು ತೋರಿಸಿದಂತಾಗುವುದಿಲ್ಲ. ಮೂರ್ಛೆರೋಗಿಗಳ ಪಾಲಕರೆಂದು ಹಿಂದಿನಿಂದ ಗೌರವಿಸುತ್ತ ಬಂದ ಸಂತ ವ್ಯಾಲೆಂಟೈನರ ಹಬ್ಬವೂ ಅಂತರರಾಷ್ಟ್ರೀಯ ಮೂರ್ಛೆರೋಗ ದಿನವೂ ಬರುವುದು ಫೆಬ್ರವರಿಯಲ್ಲೇ. ಪ್ರೇಮದ ಹೆಸರಿನಲ್ಲಿ ಗುಲಾಬಿ ಮಾರುವ ಆ ತಿಂಗಳಲ್ಲಿ, ಪ್ರೇಮದ ಹೆಸರಿನಲ್ಲಿ ಒಂದು ಸತ್ಯ ಹೇಳುವ ದಿನವೂ ಇರಲಿ.

ಮತ್ತೆ ಆ ಒಳಕೋಣೆಗೆ ಬರೋಣ. ಆಕೆ ಇನ್ನೂ ಲೋಟ ಹಿಡಿದು ನಿಂತಿದ್ದಾಳೆ. ಮಾತ್ರೆಯನ್ನು ನುಂಗಲಿ, ಅದು ಇಂದು ಆಕೆಯ ಹಕ್ಕು, ಆಕೆಯ ಕರ್ತವ್ಯ ಕೂಡ. ಆದರೆ ನಾಳೆ ಬೆಳಗ್ಗೆ ಅತ್ತೆಯೇ ಕರೆದು, “ಮಗಾ, ಅದ್ಯಾವ ಮಾತ್ರೆ? ಬಚ್ಚಿಟ್ಟುಕೊಂಡು ಯಾಕೆ ನುಂಗ್ತೀಯಾ? ಬಾ, ಡಾಕ್ಟರ ಹತ್ರ ಹೋಗಿ ಕೇಳ್ಕೊಂಡು ಬರೋಣ” ಎಂದರೆ ಆ ಮನೆಯಲ್ಲಿ ಹುಟ್ಟಲಿರುವ ಮಗುವಿಗೆ ಹುಟ್ಟುವ ಮೊದಲೇ ದೊರೆಯಬೇಕಾದ ಮೊದಲ ರಕ್ಷಣೆ ದೊರೆತಂತೆ. ಅಂಥ ಅತ್ತೆ, ಅಂಥ ಗಂಡ, ಅಂಥ ತಂದೆತಾಯಿ ನಾವಾಗಬಲ್ಲೆವೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.